ತೇರೆಳೆದವರು ಮನೆಗೆ ಹೋದ ಮೇಲೆ

ಪುಟ್ಟೀ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ದೊಡ್ಡಮ್ಮ, ಮೊದಲನೇ ಭಾನುವಾರ ಕೆರೆ ಹತ್ರ ನೂರಹತ್ತು ಜನ ಬಂದಿದ್ರು. ಎರಡನೇ ವಾರ ಮೂವತ್ತು, ಆಮೇಲೆ ಹನ್ನೊಂದು. ಇವತ್ತು ನಾವು ಮೂರೇ ಜನ. ಇನ್ನು ನನ್ ಕೈಲಿ ಆಗಲ್ಲ" ಅಂದೆ. ನಿನ್ನ ದನಿಯಲ್ಲಿ ದಣಿವಿಗಿಂತ ಅವಮಾನವೇ ಹೆಚ್ಚಾಗಿತ್ತು. ಆ ಹೊತ್ತಿಗೆ ಏನೋ ಸಮಾಧಾನ ಹೇಳಿ ಫೋನಿಟ್ಟೆ, ಆದರೆ ನಿದ್ದೆ ಹತ್ತಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ನಿವೃತ್ತಿಯಾದ ಮೇಲೆ ಕಸ, ಮರ, ಮಳೆನೀರು ಅಂತ ನಮ್ಮ ಬೀದಿಯಲ್ಲಿ ಓಡಾಡಿದವಳು ನಾನು. ಆ ಓಡಾಟದಲ್ಲಿ ಕಲಿತ ನಾಲ್ಕು ಮಾತನ್ನು ನಿನ್ನ ಕಿವಿಗೆ ಹಾಕದೆ ಇನ್ಯಾರಿಗೆ ಹೇಳಲಿ? ಅದಕ್ಕೇ ಬೆಳಗ್ಗೆ ಕಾಫಿ ಕುಡಿದವಳೇ ಬರೆಯಲು ಕೂತೆ.

ಮೊದಲ ಭಾನುವಾರ ನಾನೂ ಬಂದಿದ್ದೆನಲ್ಲ. ಮಂಡಿನೋವಿನಿಂದ ಕೆಳಗಿಳಿಯಲಾಗದೆ ಏರಿಯ ಮೇಲಿನ ಕಲ್ಲುಬೆಂಚಿನಲ್ಲಿ ಕೂತು ನಿಮ್ಮನ್ನೇ ನೋಡುತ್ತಿದ್ದೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಕೈಗೆ ಗ್ಲೌಸು, ಗೇಟಿನ ಹತ್ತಿರ ಬ್ಯಾನರು. ಎಂಟೂವರೆಗೆ ಕಸದ ಚೀಲಗಳನ್ನು ಸಾಲಾಗಿ ಇಟ್ಟು ಫೋಟೊ, ಆಮೇಲೆ ಇಡ್ಲಿ, ಕಾಫಿ. ಕಾಲೇಜು ಹುಡುಗರು ಮಂಡಿಯುದ್ದ ಕೆಸರಲ್ಲಿ ನಿಂತು ನಗುತ್ತಿದ್ದರು. ಅದನ್ನು ನೋಡಿ ನನ್ನ ಕಣ್ಣು ತಂಪಾಯಿತು. ಆದರೆ ಬುಧವಾರ ಸೊಪ್ಪು ತರಲು ಅದೇ ದಾರಿಯಲ್ಲಿ ಹೋದಾಗ ನೀವು ತುಂಬಿಸಿಟ್ಟ ಇಪ್ಪತ್ತೆರಡು ಚೀಲವೂ ಗೇಟಿನ ಪಕ್ಕದಲ್ಲೇ ಬಿದ್ದಿದ್ದವು. ನಾಯಿಗಳು ಹರಿದು ಹಾಕಿದ್ದವು. ಅರ್ಧ ಕಸ ಮತ್ತೆ ಕೆರೆಯ ಕಡೆಗೇ ಜಾರಿತ್ತು. ಗಾಡಿ ಕಳಿಸಿ ಅಂತ ಮೊದಲೇ ಹೇಳಿಟ್ಟವರು ಯಾರೂ ಇರಲಿಲ್ಲ. ಕೆಲಸ ಶುರು ಮಾಡಲು ನೂರಹತ್ತು ಜನ ಇದ್ದರು, ಮುಗಿಸಲು ಒಬ್ಬರು ಬೇಕಾಗಿತ್ತು.

ನಾನು ಹೇಳಬೇಕಾದ್ದೆಲ್ಲ ಇಷ್ಟರಲ್ಲೇ ಇದೆ ಕಣೇ. ಉಳಿದದ್ದು ಇದರ ವಿಸ್ತಾರ.

ನಮ್ಮೂರಿನ ತೇರು ನಿನಗೆ ನೆನಪಿದೆಯಾ? ಹಗ್ಗ ಹಿಡಿಯಲು ಎಷ್ಟು ಕೈ, ತೇರಿನ ಮೇಲೆ ಬಾಳೆಹಣ್ಣು ಎಸೆಯಲು ಎಷ್ಟು ನೂಕುನುಗ್ಗಲು! ಸಂಜೆಗೆ ತೇರು ನೆಲೆ ಸೇರಿತೆಂದರೆ ಬಯಲೆಲ್ಲ ಖಾಲಿ. ಮಾರನೇ ದಿನ ಗರ್ಭಗುಡಿಯ ದೀಪಕ್ಕೆ ಎಣ್ಣೆ ಹಾಕಲು ಒಬ್ಬರೇ ಬರುತ್ತಿದ್ದರು. ಅದರ ಮಾರನೇ ದಿನವೂ ಅವರೇ. ಅವರು ವರ್ಷವಿಡೀ ಬಂದದ್ದರಿಂದಲೇ ಮುಂದಿನ ವರ್ಷ ಸಾವಿರ ಜನ ತೇರೆಳೆಯಲು ಅಲ್ಲಿ ಗುಡಿ ಅನ್ನುವುದು ಉಳಿದಿತ್ತು.

ನಮ್ಮೂರ ಕೆರೆಯದ್ದೂ ಇದೇ ಕತೆ. ಕೋಡಿ ಬಿದ್ದ ದಿನ ಊರಿಗೆ ಊರೇ ಏರಿ ಹತ್ತಿ ಬಾಗಿನ ಬಿಡುತ್ತಿತ್ತು. ಆದರೆ ಕೆರೆಯನ್ನು ಕಾದವನು ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವ ಲೆಕ್ಕ ಅವನ ತಲೆಯಲ್ಲಿ, ತೂಬು ಎತ್ತುವುದು ಇಳಿಸುವುದು ಅವನ ಕೈಯಲ್ಲಿ. ಮಳೆ ಹೊಡೆಯುವ ರಾತ್ರಿ ಲಾಟೀನು ಹಿಡಿದು, ಏಡಿ ಬಿಲದಿಂದ ಏರಿ ಜಿನುಗುತ್ತಿದೆಯಾ ಅಂತ ಒಬ್ಬನೇ ನಡೆಯುತ್ತಿದ್ದ. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣಕಣದಿಂದ ಅವನಿಗೆ ಧಾನ್ಯದ ಪಾಲು. ಬೇಸಿಗೆಯಲ್ಲಿ ರೈತರೇ ಗಾಡಿ ಕಟ್ಟಿಕೊಂಡು ಬಂದು ಹೂಳು ತುಂಬಿಸಿ ಹೊಲಕ್ಕೆ ಹೊಡೆಯುತ್ತಿದ್ದರು. ಇದನ್ನು ಯಾರೂ ಸಮಾಜಸೇವೆ ಅನ್ನುತ್ತಿರಲಿಲ್ಲ. ಅದು ಊರಿನ ನಿತ್ಯದ ಕೆಲಸವಾಗಿತ್ತು.

ಬೆಂಗಳೂರು ಕೂಡ ಹೀಗೆ ಕೆರೆ ಕಟ್ಟಿಕೊಂಡೇ ಬೆಳೆದ ಊರು. ಇಲ್ಲಿ ದೊಡ್ಡ ನದಿಯಿಲ್ಲ. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಹಾಗೆ ಕೆರೆಗಳ ಸಾಲು ಇತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ಈಗ ನೂರು ಕಿಲೋಮೀಟರ್ ದೂರದಿಂದ, ಬೆಟ್ಟ ಹತ್ತಿಸಿದ ಹಾಗೆ ನೀರನ್ನು ಪಂಪು ಮಾಡಿ ತರುತ್ತೇವೆ. ನಲ್ಲಿ ತಿರುಗಿಸಿದರೆ ನೀರು ಬರುವಾಗ ಕೆರೆ ಯಾರಿಗೆ ಬೇಕು? ನೀರುಗಂಟಿ ಹೋದ, ಕೆರೆ ಅನಾಥವಾಯಿತು. ಧರ್ಮಾಂಬುಧಿ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ. ಕರಗದ ಸಮಯದಲ್ಲಿ ಇಂದಿಗೂ ಸಂಪಂಗಿ ಕೆರೆಯ ಉಳಿದ ಒಂದು ಚೂರು ನೀರಿನ ಬಳಿ ಪೂಜೆ ನಡೆಯುತ್ತದೆ. ಹಬ್ಬ ಉಳಿಯಿತು, ಕೆರೆ ಉಳಿಯಲಿಲ್ಲ. ನೀನು ಭಾನುವಾರದ ಕಾರ್ಯಕ್ರಮ ಮಾಡುವಾಗಲೆಲ್ಲ ಇದು ನಿನ್ನ ಮನಸ್ಸಿನಲ್ಲಿರಲಿ.

ಹಾಗಂತ ಹಬ್ಬ ಬೇಡ ಅಂತ ನಾನು ಹೇಳುತ್ತಿಲ್ಲ. ಹಬ್ಬ ಜನರನ್ನು ಕರೆಯುತ್ತದೆ. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ನೋಡು. ಕಾರ್ತಿಕದ ಕೊನೆಯ ಸೋಮವಾರ ಲಕ್ಷಗಟ್ಟಲೆ ಜನ ಸೇರುತ್ತಾರೆ. ಪ್ಲಾಸ್ಟಿಕ್ ಬೇಡ, ಬಟ್ಟೆ ಚೀಲ ತನ್ನಿ ಅಂತ ಕೆಲವು ವರ್ಷಗಳಿಂದ ಅಲ್ಲಿ ಕೂಗಿ ಹೇಳುತ್ತಿದ್ದಾರೆ. ಸೇರು ಕಡಲೆಕಾಯಿಯನ್ನು ಸೀದಾ ಕೈಚೀಲಕ್ಕೆ ಸುರಿಸಿಕೊಳ್ಳುವ ಅಜ್ಜಿಯರನ್ನು ನೋಡಿದಾಗ ಇದೇನೂ ಹೊಸ ಪಾಠವಲ್ಲ, ನಾವು ಮರೆತದ್ದು ಅನ್ನಿಸುತ್ತದೆ. ಆದರೆ ಆ ಚೀಲ ಮಂಗಳವಾರ ತರಕಾರಿ ಅಂಗಡಿಗೂ ಬಂದರಷ್ಟೇ ಪರಿಷೆ ಫಲ ಕೊಟ್ಟ ಹಾಗೆ.

ಈಗ ನನ್ನ ಅನುಭವಕ್ಕೆ ಬರುತ್ತೇನೆ. 2012ರಲ್ಲಿ ಈ ಊರಿನ ಕಸ ಬೀದಿಯಲ್ಲೇ ಕೊಳೆತದ್ದು ನಿನಗೆ ಮಸುಕಾಗಿ ನೆನಪಿರಬಹುದು, ಆಗ ನೀನಿನ್ನೂ ಸ್ಕೂಲಿನಲ್ಲಿದ್ದೆ. ನಮ್ಮ ಮನೆಗಳ ಕಸವೆಲ್ಲ ಲಾರಿಗಳಲ್ಲಿ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಗಿ ಬೀಳುತ್ತಿತ್ತು. ಅಲ್ಲಿನ ಜನ ಬಾವಿ ಕೆಟ್ಟು, ನೊಣ ಮುತ್ತಿ, ಕೊನೆಗೆ ಸಾಕಾಗಿ ತಿರುಗಿಬಿದ್ದರು. ಲಾರಿಗಳು ನಿಂತವು. ಆ ವರ್ಷ ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ಬೇರೆ ಮಾಡಿ ಕೊಡುವುದು ಕಡ್ಡಾಯ ಅಂತ ಪಾಲಿಕೆ ಹೇಳಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಇನ್ನೂ ಬಿಗಿ ಮಾಡಿತು: ಹಸಿ ಕಸಕ್ಕೆ ಹಸಿರು ಡಬ್ಬ, ಪ್ಯಾಡು, ಡೈಪರು, ಬ್ಯಾಂಡೇಜಿನಂಥದಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ.

ನಮ್ಮ ಬೀದಿಯಲ್ಲಿ ಐವತ್ತೆಂಟು ಮನೆ. ಗಣಪತಿ ಗುಡಿ ಮುಂದೆ ಸಭೆ ಮಾಡಿದೆವು. ಎಲ್ಲರೂ ಬಂದರು, ಚಪ್ಪಾಳೆ ತಟ್ಟಿದರು, ಕೋಸಂಬರಿ ತಿಂದರು. ಮಾರನೇ ದಿನ ಬೇರೆ ಮಾಡಿ ಕೊಟ್ಟ ಮನೆಗಳು ಆರು. ನನಗೂ ನಿನ್ನೆ ನಿನಗಾದಂತೆಯೇ ಆಯಿತು. ಮೂರು ದಿನ ಯಾರ ಮುಖವನ್ನೂ ನೋಡಲಿಲ್ಲ.

ನಾಲ್ಕನೇ ದಿನ ನಮ್ಮ ಬೀದಿಯ ಪೌರಕಾರ್ಮಿಕ ಹೆಂಗಸು ಗೇಟಿನ ಹತ್ತಿರ ನಿಂತು ಕೈ ಕೊಡವುತ್ತಿದ್ದುದನ್ನು ಕಂಡೆ. ಹೋಗಿ ನೋಡಿದರೆ ಬೆರಳಿನ ಸಂದಿನಲ್ಲಿ ರಕ್ತ. ನಮ್ಮ ಮನೆಯ ಚೀಲದಲ್ಲೇ ಒಡೆದ ಉಪ್ಪಿನಕಾಯಿ ಬಾಟಲಿ ಇತ್ತು. ಹಿಂದಿನ ರಾತ್ರಿ ಅದನ್ನು ಅನ್ನ, ಸಿಪ್ಪೆಗಳ ಜೊತೆ ಹಾಕಿದವಳು ನಾನೇ. ಊರಿಗೆಲ್ಲ ಭಾಷಣ ಮಾಡಿದವಳು! ಆಕೆ ಒಂದು ಮಾತೂ ಆಡದೆ ಸೆರಗಿನ ತುದಿ ಸುತ್ತಿಕೊಂಡು ಮುಂದಿನ ಮನೆಗೆ ಹೊರಟಿದ್ದರು. ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದೆ. ವಾಪಸ್ಸು ಬರುವಾಗ ಆಕೆ ಹೇಳಿದ್ದು ಒಂದೇ ಮಾತು: "ಇದು ದಿನಾ ಇರೋದೇ ಬಿಡಿ ಮೇಡಂ." ಆ ಮಾತು ನನ್ನನ್ನು ಈ ಹೊತ್ತಿಗೂ ಬಿಟ್ಟಿಲ್ಲ. ಇವತ್ತಿಗೂ ನಮ್ಮ ಮನೆಯಲ್ಲಿ ಗಾಜು ಒಡೆದರೆ ಪೇಪರಿನಲ್ಲಿ ದಪ್ಪಗೆ ಸುತ್ತಿ, ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ಗಾಜು’ ಅಂತ ಬರೆದು, ಕೈಗೇ ಕೊಡುತ್ತೇನೆ.

ಅಂದಿನಿಂದ ದಿನಾ ಬೆಳಗ್ಗೆ ಏಳಕ್ಕೆ ಆಕೆಯ ಗಾಡಿಯ ಜೊತೆ ನಡೆಯತೊಡಗಿದೆ. ಭಾಷಣವಿಲ್ಲ. ಗೇಟಿನ ಮುಂದೆ ನಿಲ್ಲುವುದು, "ಹಸಿ ಕಸ ಬೇರೆ ಕೊಡಿ" ಅನ್ನುವುದು, ಅಷ್ಟೇ. ಮೇಷ್ಟರಮ್ಮ ಗಾಡಿ ಹಿಂದೆ ಬರುತ್ತಾರೆ ಅಂತ ಜನಕ್ಕೆ ಮೊದಲು ಸಂಕೋಚ, ಆಮೇಲೆ ರೂಢಿ. ಮೂರು ತಿಂಗಳಾಗುವ ಹೊತ್ತಿಗೆ ಐವತ್ತೊಂದು ಮನೆ ದಾರಿಗೆ ಬಂದಿದ್ದವು. ಸಭೆಯಿಂದ ಆಗದ್ದು ನಡಿಗೆಯಿಂದ ಆಯಿತು.

ಆ ನಡಿಗೆಯಲ್ಲಿ ಕಲಿತದ್ದೇ ನನ್ನ ಮೊದಲ ಕಿವಿಮಾತು: ಆ ಜಾಗದಲ್ಲಿ ನಿನಗಿಂತ ಮೊದಲೇ ಕೆಲಸ ಮಾಡುತ್ತಿರುವವರು ಯಾರು ಅಂತ ಹುಡುಕು, ಅವರನ್ನು ಕೇಳು. ನಮ್ಮ ಮೂಲೆಯ ವಿದ್ಯುತ್ ಕಂಬದ ಬುಡದಲ್ಲಿ ಒಂದು ಬ್ಲ್ಯಾಕ್ ಸ್ಪಾಟ್ ಇತ್ತು. ಎಷ್ಟು ಸಲ ಗುಡಿಸಿ ರಂಗೋಲಿ ಹಾಕಿದರೂ ಬೆಳಗಾದರೆ ಮತ್ತೆ ರಾಶಿ. ಪಿ.ಜಿ. ಹುಡುಗರು ಸೋಮಾರಿಗಳು ಅಂತ ನಾವೆಲ್ಲ ಬೈದದ್ದೇ ಬೈದದ್ದು. ಕಾರಣ ಹೇಳಿದವರು ಆ ಪೌರಕಾರ್ಮಿಕರೇ. ಆ ಹುಡುಗರು ರಾತ್ರಿ ಪಾಳಿ ಮುಗಿಸಿ ಮಲಗುವುದು ನಾಲ್ಕು ಗಂಟೆಗೆ, ಗಾಡಿ ಬರುವುದು ಏಳಕ್ಕೆ. ಎದ್ದು ಕೊಡುವವರು ಯಾರು? ಪಿ.ಜಿ. ಮಾಲೀಕರಿಗೆ ಹೇಳಿ ಮೆಟ್ಟಿಲ ಕೆಳಗೆ ಎರಡು ಡ್ರಮ್ಮು ಇಡಿಸಿದೆವು. ಹದಿನೈದು ದಿನದಲ್ಲಿ ಮೂಲೆ ಚೊಕ್ಕಟ. ನಿನ್ನ ಕೆರೆಗೂ ಇಂಥ ತಿಳಿದವರಿದ್ದಾರೆ. ಬೆಳಗ್ಗೆ ಬಲೆ ಬೀಸುವವನಿಗೆ ಯಾವ ಮೂಲೆಯಲ್ಲಿ ಕೊಚ್ಚೆ ಸೇರುತ್ತದೆ ಅಂತ ನೀರಿನ ಬಣ್ಣದಿಂದಲೇ ಗೊತ್ತು. ಹಸುವಿಗೆ ಹುಲ್ಲು ಕೊಯ್ಯಲು ಬರುವ ಹೆಂಗಸಿಗೆ ಹಾವು ಎಲ್ಲಿದೆ, ನೀರುಕೋಳಿ ಎಲ್ಲಿ ಮೊಟ್ಟೆಯಿಟ್ಟಿದೆ, ಎಲ್ಲ ಗೊತ್ತು. ಆ ಕೆರೆ ಅಪಾರ್ಟ್‌ಮೆಂಟುಗಳು ಬರುವ ಮುಂಚೆ ಒಂದು ಹಳ್ಳಿಯ ಕೆರೆಯಾಗಿತ್ತು. ಬೇಲಿ ಹಾಕಿ, ವಾಕಿಂಗ್ ದಾರಿ ಮಾಡಿ, ಆ ಹೆಂಗಸನ್ನು ಹೊರಗೆ ನಿಲ್ಲಿಸುವ ಕೆಲಸಕ್ಕೆ ಮಾತ್ರ ಕೈಹಾಕಬೇಡ.

ಎರಡನೆಯದು: ಕಸ ಎತ್ತುವುದಕ್ಕಿಂತ ಮೊದಲು ಅದು ಬಂದ ದಾರಿ ಹಿಡಿದು ಹಿಂದಕ್ಕೆ ನಡೆ. ಒಂದು ಭಾನುವಾರ ಗ್ಲೌಸು, ಚೀಲ ಎಲ್ಲ ಮನೆಯಲ್ಲೇ ಬಿಟ್ಟು, ಕೆರೆಗೆ ನೀರು ತರುವ ರಾಜಕಾಲುವೆಯ ಪಕ್ಕದಲ್ಲೇ ಮೇಲಕ್ಕೆ ಹೋಗಿ. ಎಲ್ಲಿ ಒಳಚರಂಡಿ ಪೈಪು ಒಡೆದು ಕಾಲುವೆಗೆ ಸೇರಿದೆ, ಯಾವ ಸೇತುವೆಯ ಮೇಲಿನಿಂದ ಕೋಳಿ ಅಂಗಡಿಯ ಚೀಲ ಬೀಳುತ್ತದೆ, ಎಲ್ಲಿ ಕಟ್ಟಡದ ಮಣ್ಣು ಸುರಿದಿದ್ದಾರೆ ಅಂತ ಒಂದೊಂದನ್ನೂ ನಕ್ಷೆ ಮಾಡಿ ಬರೆದುಕೊಳ್ಳಿ. ಬೆಳ್ಳಂದೂರು ಕೆರೆ 2015ರಲ್ಲಿ, 2017ರಲ್ಲಿ, 2018ರಲ್ಲಿ ಹೊತ್ತಿ ಉರಿದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ನೀರಿಗೆ ಬೆಂಕಿ! ಅದು ದಡದಲ್ಲಿ ಬಿದ್ದ ಚಿಪ್ಸ್ ಪೊಟ್ಟಣದಿಂದ ಆದದ್ದಲ್ಲ. ಊರಿನ ಬಚ್ಚಲು, ಶೌಚಾಲಯ, ಬಟ್ಟೆ ಒಗೆದ ಸೋಪುನೀರು ಶುದ್ಧವಾಗದೆ ವರ್ಷಗಟ್ಟಲೆ ಸೇರಿದ ಫಲ. ದಡ ಗುಡಿಸಿದರೆ ಆ ಕೆರೆ ಬದುಕುತ್ತಿರಲಿಲ್ಲ.

ಅದೇ ಊರಿನಲ್ಲಿ ಜಕ್ಕೂರು ಕೆರೆಯೂ ಇದೆ. ಅಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಹೊರಬಂದು, ಆಪು ಜೊಂಡುಗಳ ಜೌಗಿನಲ್ಲಿ ನಿಧಾನವಾಗಿ ಹಾದು, ಆಮೇಲೆ ಕೆರೆಗೆ ಇಳಿಯುತ್ತದೆ. ಉಳಿದ ಕೊಳೆಯನ್ನು ಬೇರುಗಳು ಹೀರುತ್ತವೆ. ಮೊದಲ ಭಾನುವಾರ ನಿಮ್ಮ ಹುಡುಗರು ಹುರುಪಿನಲ್ಲಿ ದಡದ ಜೊಂಡನ್ನೆಲ್ಲ ಕಳೆ ಅಂತ ಕೀಳುತ್ತಿದ್ದರು. ನೀರಿನ ಮೇಲೆ ಹಬ್ಬುವ ಅಂತರಗಂಗೆ ಬೇರೆ, ನೀರನ್ನು ಸೋಸುವ ಜೊಂಡು ಬೇರೆ. ಯಾವುದನ್ನು ಎಷ್ಟು ತೆಗೆಯಬೇಕು, ಹಕ್ಕಿ ಗೂಡು ಕಟ್ಟುವ ತಿಂಗಳಲ್ಲಿ ಯಾವುದನ್ನು ಮುಟ್ಟಬಾರದು ಅಂತ ತಿಳಿದವರನ್ನು ಕೇಳಿ ಮುಂದುವರಿ.

ಇನ್ನೊಂದು ಸಲ ನಿರಾಸೆಯಾದಾಗ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೆ ಒಂದು ಸಂಜೆ ಹೋಗಿ ಬಾ. ಹದಿಮೂರು ಎಕರೆಯ ಚಿಕ್ಕ ಕೆರೆ. ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು, ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ನೋಡಿಕೊಳ್ಳುತ್ತಾ ಬಂದರು. ಸರ್ಜಾಪುರ ರಸ್ತೆಯ ಕೈಕೊಂಡನಹಳ್ಳಿ ಕೆರೆಯನ್ನೂ ಜನ, ಪಾಲಿಕೆ ಜೊತೆಗೂಡಿಯೇ ಉಳಿಸಿಕೊಂಡದ್ದು. ಅಲ್ಲಿ ಕೆರೆಹಬ್ಬವೂ ಆಗಿದೆ, ಮಕ್ಕಳು ಚಿತ್ರ ಬರೆದಿದ್ದಾರೆ, ಹಾಡು ಕುಣಿತ ನಡೆದಿದೆ. ಆ ಹಬ್ಬದ ಹಿಂದೆ ಗಿಡಕ್ಕೆ ನೀರು ಹಾಕಿದ, ಕಾವಲುಗಾರನ ಸಂಬಳ ಹೊಂದಿಸಿದ, ಕಚೇರಿಗೆ ಅಲೆದ ವರ್ಷಗಳಿವೆ.

ಗಿಡದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಜೂನ್ ತಿಂಗಳ ಪರಿಸರ ದಿನಕ್ಕೆ ನೂರು ಗಿಡ ನೆಡಬೇಕು ಅಂತ ನಿನ್ನ ಪಟ್ಟಿಯಲ್ಲಿ ನೋಡಿದೆ. ಹತ್ತು ನೆಡು. ಹೊಂಗೆ, ನೇರಳೆ, ಅತ್ತಿ, ಬೇವು, ಹುಣಸೆ, ಯಾವುದಾದರೂ ಸರಿ. ಆದರೆ ಒಂದೊಂದು ಗಿಡಕ್ಕೂ ಒಂದೊಂದು ಮನೆಯನ್ನು ಗೊತ್ತು ಮಾಡು. ಗಿಡ ಸಾಯುವುದು ನೆಟ್ಟ ಮಳೆಗಾಲದಲ್ಲಲ್ಲ. ಮುಂದಿನ ಮಾರ್ಚಿನಲ್ಲಿ, ಯಾರೂ ಫೋಟೊ ತೆಗೆಯದ ಹೊತ್ತಿನಲ್ಲಿ. ಎರಡು ಮೂರು ಬೇಸಿಗೆ ದಾಟಿಸಿದರೆ ಬೇರು ತನ್ನ ದಾರಿ ಹುಡುಕಿಕೊಳ್ಳುತ್ತದೆ. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಿದರೆ ಹಾಕಿದ ಬಿಂದಿಗೆ ನೀರು ನಿಲ್ಲುತ್ತದೆ. ಇನ್ನೂ ಒಂದು ಮಾತು: ಹೊಸದು ನೆಡುವುದಕ್ಕಿಂತ ಇರುವುದನ್ನು ಕಾಯುವುದು ದೊಡ್ಡದು. ಫುಟ್‌ಪಾತಿನಲ್ಲಿ ಕಾಂಡಕ್ಕೆ ಒತ್ತಿ ಕಾಂಕ್ರೀಟು ಸುರಿದಿದ್ದರೆ ಒಡೆಸಿ ಮೂರಡಿ ಮಣ್ಣು ಬಿಡಿಸು. ಬೋರ್ಡು ಹೊಡೆದ ಮೊಳೆಗಳನ್ನು ಕೀಳಿಸು. ನಿನ್ನ ಬ್ಯಾನರನ್ನೂ ಮರಕ್ಕೆ ಕಟ್ಟಿದ್ದೆ, ಅದನ್ನು ಬಿಚ್ಚಿಬಿಡು. 1976ರಿಂದ ನಮಗೆ ಮರ ಸಂರಕ್ಷಣಾ ಕಾಯ್ದೆ ಇದೆ. ಮರ ಅಧಿಕಾರಿಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಗರಗಸದ ಸದ್ದು ಕೇಳಿದರೆ ಕೆಳಗಿಳಿದು ಹೋಗಿ, ಅನುಮತಿ ಪತ್ರ ತೋರಿಸಿ ಅಂತ ಕೇಳುವ ಹಕ್ಕು ನಿನಗಿದೆ. ಮೆಲುದನಿಯಲ್ಲೇ ಕೇಳು, ಆದರೆ ಕೇಳು.

2016ರ ಅಕ್ಟೋಬರ್ 16 ನೆನಪಿದೆಯಾ? ಚಾಲುಕ್ಯ ವೃತ್ತದಿಂದ ಹೆಬ್ಬಾಳದ ಕಡೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುತ್ತಾರೆ, 812 ಮರ ಹೋಗುತ್ತವೆ ಅಂದಾಗ ಸಾವಿರಾರು ಜನ ಕೈಕೈ ಹಿಡಿದು ಸಾಲಾಗಿ ನಿಂತರು. ನಾನೂ ನಿಂತಿದ್ದೆ. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ನಾವು ಕೈ ಹಿಡಿದದ್ದು ಒಂದು ಬೆಳಗ್ಗೆ ಮಾತ್ರ. ಮಾಹಿತಿ ಹಕ್ಕಿನ ಅರ್ಜಿ ಹಾಕಿದವರು, ಕಡತ ಓದಿದವರು, ನ್ಯಾಯಾಲಯ, ಹಸಿರು ನ್ಯಾಯಮಂಡಳಿ ಅಂತ ಅಲೆದವರು ತಿಂಗಳುಗಟ್ಟಲೆ ದುಡಿದಿದ್ದರು. ಅಂದು ತೇರೂ ಇತ್ತು, ದೀಪವೂ ಇತ್ತು. ಎರಡೂ ಸೇರಿದ್ದರಿಂದ ಮರಗಳು ಉಳಿದವು.

ಇದರಿಂದಲೇ ಮೂರನೇ ಮಾತು: ಪೊರಕೆಯ ಜೊತೆಗೆ ಪೆನ್ನನ್ನೂ ಹಿಡಿ. ಸ್ವಯಂಸೇವೆ ಅಂದರೆ ಸರ್ಕಾರ ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸವನ್ನೆಲ್ಲ ನಾವೇ ಬಿಟ್ಟಿ ಮಾಡಿ ಮುಗಿಸುವುದಲ್ಲ. ಪಾಲಿಕೆ ಒಂದಿದ್ದದ್ದು ಐದಾಗಬಹುದು, ಬೋರ್ಡು ಬದಲಾಗಬಹುದು, ಜವಾಬ್ದಾರಿ ಬದಲಾಗುವುದಿಲ್ಲ. ದೂರನ್ನು ಬಾಯಲ್ಲಿ ಹೇಳಿ ಬರಬೇಡ. ಕನ್ನಡದಲ್ಲಿ ಒಂದೇ ಪುಟದ ಅರ್ಜಿ ಬರೆ: ಜಾಗ ಯಾವುದು, ತೊಂದರೆ ಏನು, ಏನಾಗಬೇಕು. ಎರಡು ಪ್ರತಿ ಒಯ್ದು ಒಂದಕ್ಕೆ ಸೀಲು, ದಿನಾಂಕ ಹಾಕಿಸಿಕೊಂಡು ಬಾ. ಆ ಸ್ವೀಕೃತಿಯೇ ನಿನ್ನ ಆಯುಧ. ಹದಿನೈದು ದಿನ ಬಿಟ್ಟು ಮತ್ತೆ ಹೋಗು. ಕೆಲಸ ಮಾಡಿಕೊಟ್ಟ ಇಂಜಿನಿಯರಿಗೆ ಎಲ್ಲರ ಮುಂದೆ ಧನ್ಯವಾದ ಹೇಳು. ಬೈಗುಳ ಕೇಳಿ ಕೇಳಿ ಕಲ್ಲಾದವರಿಗೂ ಒಂದು ಒಳ್ಳೆಯ ಮಾತು ತಟ್ಟುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ.

ನಾಲ್ಕನೆಯದು: ಬಂದವರಿಗೆಲ್ಲ ಒಂದು ಕೆಲಸವಿರಲಿ, ಎಲ್ಲರಿಗೂ ಒಂದೇ ಕೆಲಸ ಬೇಡ. ಕೆಸರಿಗೆ ಇಳಿಯಲಾಗದ ನನ್ನಂಥವರಿಗೆ ಹಾಜರಿ ಪುಸ್ತಕ ಕೊಡು. ಚಿಕ್ಕ ಮಕ್ಕಳಿಗೆ ಹಕ್ಕಿ ಎಣಿಸಲು ಹೇಳು. ಅಡುಗೆ ಬಲ್ಲವರು ಮನೆಯಿಂದ ಸ್ಟೀಲ್ ತಟ್ಟೆ ಲೋಟ ತರಲಿ. ನಮ್ಮ ಬೀದಿಯಲ್ಲಿ ಚಂದಾ ಎತ್ತಿ ನೂರು ಸ್ಟೀಲ್ ತಟ್ಟೆ ಕೊಂಡೆವು. ಈಗ ನಾಮಕರಣಕ್ಕೂ ಅದೇ, ಗಣಪತಿ ಊಟಕ್ಕೂ ಅದೇ, ಪೇಪರ್ ಪ್ಲೇಟು ಬೀದಿಗೆ ಬಂದು ವರ್ಷಗಳಾದವು. ಕರೆಯೋಲೆಯನ್ನು ಬರೀ ಇಂಗ್ಲಿಷಿನಲ್ಲಿ ಹಾಕಬೇಡ. ಕೆರೆಯಾಚೆಯ ಹಳೇ ಊರಿನವರು ಕನ್ನಡ, ತೆಲುಗು ಆಡುತ್ತಾರೆ, ಕಟ್ಟಡ ಕೆಲಸದವರು ಹಿಂದಿ. ಮನೆ ಬಾಗಿಲಿಗೆ ಹೋಗಿ ಬಾಯಿಬಿಟ್ಟು ಕರೆದದ್ದಕ್ಕೆ ಇರುವ ಮರ್ಯಾದೆ ವಾಟ್ಸಾಪಿಗೆ ಇಲ್ಲ. ಮತ್ತೆ, ದುಡ್ಡು ಕೈಗೆ ಬಂತೋ, ಆ ದಿನವೇ ಲೆಕ್ಕ ಬರೆದು ಎಲ್ಲರಿಗೂ ಕಾಣುವ ಹಾಗೆ ಅಂಟಿಸು. ಹತ್ತು ರೂಪಾಯಿ ಟೀ ಲೆಕ್ಕ ಕೂಡ. ಗುಂಪು ಒಡೆಯುವುದು ಹೆಚ್ಚಾಗಿ ಕಸದಿಂದಲ್ಲ, ಲೆಕ್ಕದಿಂದ.

ಐದನೆಯದನ್ನು ನಿನ್ನ ಮನೆಯೊಳಗೇ ಶುರು ಮಾಡು. ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ. ನಿನ್ನ ಬಾಲ್ಕನಿಯಲ್ಲಿ ಎರಡು ದೊಡ್ಡ ಮಡಕೆ ಇಡು, ಬದಿಗೆ ನಾಲ್ಕು ತೂತು. ಒಂದು ಹಿಡಿ ಸಿಪ್ಪೆಗೆ ಒಂದು ಹಿಡಿ ಒಣ ಎಲೆ, ಮೇಲೆ ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸು. ವಾಸನೆ ಬಂದರೆ ನೀರು ಜಾಸ್ತಿಯಾಯಿತು ಅಂತ ಅರ್ಥ, ಇನ್ನಷ್ಟು ಎಲೆ ಹಾಕಿ ಕೆದಕು. ಹುಳ ಕಂಡರೆ ಹೆದರಬೇಡ, ಅವೂ ಕೆಲಸಕ್ಕೆ ಬಂದವೇ. ಎರಡು ತಿಂಗಳ ಮೇಲೆ ಕೈ ಹಾಕಿ ಎತ್ತಿದರೆ ಕಪ್ಪು ಪುಡಿ, ಮೊದಲ ಮಳೆ ಬಿದ್ದ ಹೊಲದ ವಾಸನೆ. ಮೊದಲ ಸಲ ಅದನ್ನು ಮೂಸಿದಾಗ ನನಗೆ ಅಪ್ಪನ ತಿಪ್ಪೆಗುಂಡಿ ನೆನಪಾಗಿ ಕಣ್ಣಲ್ಲಿ ನೀರು ಬಂತು. ನಿಮ್ಮ ತಾರಸಿಯ ಮಳೆನೀರನ್ನೂ ಹೀಗೇ ಯೋಚಿಸು. ಸಾವಿರ ಚದರಡಿ ತಾರಸಿಯ ಮೇಲೆ ಬೆಂಗಳೂರಿನ ಮಳೆ ವರ್ಷಕ್ಕೆ ಸುಮಾರು 90 ಸಾವಿರ ಲೀಟರ್ ಸುರಿಯುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ನಿಮ್ಮ ಅಪಾರ್ಟ್‌ಮೆಂಟು ಟ್ಯಾಂಕರಿಗೆ ಕಾದು ಕೂತಿತ್ತಲ್ಲ, ಹಿಂದಿನ ಮಳೆಯಲ್ಲಿ ಮೋರಿಗೆ ಬಿಟ್ಟದ್ದು ಆ ನೀರನ್ನೇ. ಬಾವಿ ತೋಡುವುದು ಕುಲಕಸುಬಾದ ಮಣ್ಣು ವಡ್ಡರು ಈ ಊರಿನ ಸುತ್ತ ಇನ್ನೂ ಇದ್ದಾರೆ. ಹತ್ತು ಲಕ್ಷ ಇಂಗುಬಾವಿ ತೋಡಬೇಕೆಂಬ ಆಂದೋಲನವೇ ಅವರ ಕೈಚಳಕವನ್ನು ನಂಬಿ ಹುಟ್ಟಿದ್ದು. ಕರೆಸಿ, ಮೂರಡಿ ಅಗಲ, ಇಪ್ಪತ್ತಡಿ ಆಳದ ಒಂದು ಇಂಗುಬಾವಿ ತೋಡಿಸಿ. ಅವರಿಗೂ ಕೂಲಿ, ನೆಲಕ್ಕೂ ನೀರು.

ಕೊನೆಯದಾಗಿ ನಿನ್ನ ವಿಷಯ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನಿಸಿಕೊಳ್ಳಬೇಡ. ಎಲ್ಲ ಭಾನುವಾರವೂ ನೀನೇ ಇರಬೇಕು ಅಂತ ಆದರೆ ಆ ಕೆಲಸ ನಿನ್ನ ಜೊತೆಗೇ ನಿಂತುಹೋಗುತ್ತದೆ. ನೀನು ಒಂದು ಮದುವೆಗೆ ಹೋದರೂ ಗೇಟಿನ ಬೀಗ ತೆಗೆಯಲು ಇನ್ನೊಬ್ಬರಿರಬೇಕು, ಗಾಡಿಗೆ ಫೋನು ಮಾಡಲು ಮತ್ತೊಬ್ಬರು. ತಿಂಗಳಿಗೆ ಎರಡೇ ಭಾನುವಾರ ಇಟ್ಟುಕೋ, ಎರಡೇ ಗಂಟೆ ಸಾಕು, ಆದರೆ ಆ ದಿನ ಆ ಹೊತ್ತು ತಪ್ಪಬಾರದು. ಮಳೆ ಬಂದರೂ ಅಲ್ಲಿ ಯಾರೋ ಒಬ್ಬರು ಕೊಡೆ ಹಿಡಿದು ನಿಂತಿರುತ್ತಾರೆ ಅನ್ನುವುದು ಆ ದಾರಿಯಲ್ಲಿ ಓಡಾಡುವವರಿಗೆ ಗೊತ್ತಾಗಲಿ. ಆರಂಭಶೂರರು ಬಂದು ಹೋದರು ಅಂತ ಅವರ ಮೇಲೆ ಕೋಪ ಬೇಡ. ವರ್ಷಕ್ಕೊಮ್ಮೆ ಕೆರೆಹಬ್ಬ ಮಾಡಿ ಮತ್ತೆ ಕರೆ. ತೇರೆಳೆಯಲು ಅವರು ಬೇಕೇ ಬೇಕು.

ನಿನ್ನೆ ಬಂದ ಮೂವರು ಯಾರು ಅಂತ ಕೇಳಿದ್ದಕ್ಕೆ ನೀನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ನೀನು, ದಿನಾ ಏರಿಯ ಮೇಲೆ ನಡೆಯುವ ಆ ಪೋಸ್ಟ್ ಮಾಸ್ಟರ್ ತಾತ, ಮತ್ತೆ ಬಲೆ ಬೀಸುವವನ ಮಗ, ಏಳನೇ ಕ್ಲಾಸಿನ ಹುಡುಗ. ನೂರಹತ್ತು ಜನರಲ್ಲಿ ಯಾರು ಉಳಿಯುತ್ತಾರೆ ಅಂತ ಹುಡುಕಲು ನಿನಗೆ ನಾಲ್ಕು ವಾರ ಹಿಡಿಯಿತು, ಅಷ್ಟೇ. ಹುಡುಕಿದ್ದು ಸಿಕ್ಕಿದೆ ಕಣೇ. ನಮ್ಮೂರ ಅಷ್ಟು ದೊಡ್ಡ ಕೆರೆಗೆ ಇದ್ದವನು ಒಬ್ಬನೇ ನೀರುಗಂಟಿ. ನಿನ್ನ ಕೆರೆಗೆ ಮೂವರಿದ್ದೀರಿ.

ಮುಂದಿನ ಭಾನುವಾರ ಆರೂವರೆಗೆ ನನ್ನನ್ನು ಕರೆದುಕೊಂಡು ಹೋಗಲು ಆ ಹುಡುಗನನ್ನು ಬೀದಿ ತುದಿಗೆ ಕಳಿಸು, ಏರಿ ಹತ್ತುವಾಗ ಒಂದು ಕೈ ಹಿಡಿದರೆ ಸಾಕು. ಫ್ಲಾಸ್ಕಿನಲ್ಲಿ ಕಾಫಿ, ನಾಲ್ಕು ಸ್ಟೀಲ್ ಲೋಟ, ಹಳೇ ಹಾಜರಿ ಪುಸ್ತಕ ತರುತ್ತೇನೆ. ಕಸದ ಗಾಡಿಯವರಿಗೆ ಶನಿವಾರವೇ ಫೋನು ಮಾಡುವ ಕೆಲಸ ನನ್ನದು.

ಮೂರು ಜನ ಅಂದೆಯಲ್ಲ, ನಾಲ್ಕು ಅಂತ ಬರೆದುಕೋ.

ನಿನ್ನ
ದೊಡ್ಡಮ್ಮ